ಮೋಟಾರ್ ನಿಂತಿದೆ, ಹಾಗಾದರೆ ಕರೆಂಟ್ ಹೋಗಿದೆಯಾ?

ನೀವು ಕೊಟ್ಟಿರುವ ಲೆಕ್ಕ ಇದು: "ಕರೆಂಟ್ ಹೋದರೆ ಪಂಪ್‌ಸೆಟ್ ಮೋಟಾರ್ ನಿಲ್ಲುತ್ತದೆ. ಮೋಟಾರ್ ನಿಂತಿದೆ. ಆದ್ದರಿಂದ ಕರೆಂಟ್ ಹೋಗಿದೆ." ಕೀ ಉತ್ತರದಲ್ಲಿ ಇದನ್ನು ತಪ್ಪು ಅಂದಿದ್ದಾರೆ, ಯಾಕೆ ಅಂತ ಕೇಳಿದ್ದೀರಿ.

ಕೀ ಉತ್ತರ ಸರಿಯಾಗಿದೆ. ಫ್ಯೂಸ್ ಹೋಗಿರಬಹುದು, ಸ್ಟಾರ್ಟರ್ ಟ್ರಿಪ್ ಆಗಿರಬಹುದು, ನೀರು ಸಾಕು ಅಂತ ಯಾರೋ ಆಫ್ ಮಾಡಿರಬಹುದು. ಮೊದಲ ವಾಕ್ಯ ಇದ್ಯಾವುದನ್ನೂ ತಳ್ಳಿಹಾಕಿಲ್ಲ.

ಇಂಥದ್ದು ಬಂದಾಗ ನಾನು ಸೂತ್ರ ಹುಡುಕುವುದಿಲ್ಲ. ಹಾಳೆಯ ಮೇಲೆ ನಾಲ್ಕು ಸಾಲು ಬರೆಯುತ್ತೇನೆ: (1) ಕರೆಂಟ್ ಇದೆ, ಮೋಟಾರ್ ಓಡುತ್ತಿದೆ; (2) ಕರೆಂಟ್ ಇದೆ, ಮೋಟಾರ್ ನಿಂತಿದೆ; (3) ಕರೆಂಟ್ ಇಲ್ಲ, ಮೋಟಾರ್ ಓಡುತ್ತಿದೆ; (4) ಕರೆಂಟ್ ಇಲ್ಲ, ಮೋಟಾರ್ ನಿಂತಿದೆ. ನಿಮ್ಮ ಮೊದಲ ವಾಕ್ಯ ಹೊಡೆದುಹಾಕುವುದು ಮೂರನೆಯದನ್ನು ಮಾತ್ರ. "ಮೋಟಾರ್ ನಿಂತಿದೆ" ಅಂದಾಗ ಎರಡನೆಯದು, ನಾಲ್ಕನೆಯದು ಎರಡೂ ಉಳಿಯುತ್ತವೆ. ಒಂದರಲ್ಲಿ ಕರೆಂಟ್ ಇದೆ, ಇನ್ನೊಂದರಲ್ಲಿ ಇಲ್ಲ. ತೀರ್ಮಾನಕ್ಕೆ ಬರುವುದು ಹೇಗೆ? ಅದೇ "ಮೋಟಾರ್ ಓಡುತ್ತಿದೆ" ಅಂದಿದ್ದರೆ ಮೊದಲ ಸಾಲು ಒಂದೇ ಉಳಿಯುತ್ತಿತ್ತು, ಕರೆಂಟ್ ಇದೆ ಅಂತ ಖಚಿತವಾಗಿ ಹೇಳಬಹುದಿತ್ತು. ಇದಕ್ಕೆ ಮೋಡಸ್ ಟೋಲೆನ್ಸ್ ಅಂತ ಹೆಸರು. "ಕರೆಂಟ್ ಹೋಗಿದೆ, ಆದ್ದರಿಂದ ಮೋಟಾರ್ ನಿಂತಿದೆ" ಅನ್ನುವ ನೇರ ದಾರಿ ಮೋಡಸ್ ಪೋನೆನ್ಸ್. ಹೆಸರು ಮರೆತರೂ ನಷ್ಟವಿಲ್ಲ ಬಿಡಿ.

ಹಾಗಾದರೆ ನಿಮ್ಮ ತೀರ್ಮಾನ ಅಷ್ಟು ಸಹಜ ಅನ್ನಿಸಿದ್ದು ಯಾಕೆ? "ಕರೆಂಟ್ ಇದ್ದರೆ ಮೋಟಾರ್ ಓಡುತ್ತದೆ" ಅನ್ನುವ ಇನ್ನೊಂದು ವಾಕ್ಯವನ್ನು ನೀವೇ ಮನಸ್ಸಿನಲ್ಲಿ ಸೇರಿಸಿಕೊಂಡಿದ್ದೀರಿ. ಅದು ಹೊಡೆದುಹಾಕುವುದು ಎರಡನೆಯ ಸಾಲನ್ನು. ಅದೂ ಹೋದರೆ ನಿಮ್ಮ ಉತ್ತರ ಸರಿ. ಆದರೆ ಪ್ರಶ್ನೆಯಲ್ಲಿ ಅದು ಇಲ್ಲವಲ್ಲ! ದಿನನಿತ್ಯದ ಮಾತಿನಲ್ಲಿ ನಾವು ಹೀಗೆ ಸೇರಿಸಿಕೊಳ್ಳುತ್ತಲೇ ಇರುತ್ತೇವೆ. "ಹೋಂವರ್ಕ್ ಮುಗಿಸಿದರೆ ಟಿವಿ" ಅಂತ ಅಮ್ಮ ಅಂದರೆ, ಮುಗಿಸದಿದ್ದರೆ ಟಿವಿ ಇಲ್ಲ ಅಂತಲೂ ಮಗುವಿಗೆ ಗೊತ್ತು. ಮನೆಯಲ್ಲಿ ಅದು ಸರಿಯೇ. ಪರೀಕ್ಷೆಯಲ್ಲಿ ಬರೆದಿದ್ದಷ್ಟೇ ಲೆಕ್ಕ.

"ಮಾತ್ರ" ಬಂದಾಗ ಇನ್ನೂ ಜಾಸ್ತಿ ಹುಷಾರಾಗಿರಿ. "ಕರೆಂಟ್ ಇದ್ದರೆ ಮಾತ್ರ ಮೋಟಾರ್ ಓಡುತ್ತದೆ" ಅನ್ನುವುದು ಹೊಡೆದುಹಾಕುವುದು ಮೂರನೆಯ ಸಾಲನ್ನೇ. ಅಂದರೆ ನಿಮ್ಮ ಮೊದಲ ವಾಕ್ಯ ಹೇಳಿದ್ದನ್ನೇ ಇದೂ ಹೇಳುತ್ತದೆ. ಕರೆಂಟ್ ಬಂದ ತಕ್ಷಣ ಓಡಲೇಬೇಕು ಅಂತ ಅಲ್ಲ.

ಇದರಲ್ಲಿ ಎಡವುವುದು ನೀವೊಬ್ಬರೇ ಅಲ್ಲ. 1966ರಲ್ಲಿ ಪೀಟರ್ ವೇಸನ್ ಅನ್ನುವ ಮನಶ್ಶಾಸ್ತ್ರಜ್ಞ ನಾಲ್ಕು ಕಾರ್ಡಿನ ಒಂದು ಒಗಟು ಮಾಡಿದ. ಪ್ರತಿ ಕಾರ್ಡಿನ ಒಂದು ಬದಿ ಅಕ್ಷರ, ಇನ್ನೊಂದು ಬದಿ ಸಂಖ್ಯೆ. ಮೇಲೆ ಕಾಣುವುದು ಎ, ಡಿ, 4, 7 ಅಂತ ಇಟ್ಟುಕೊಳ್ಳಿ. "ಒಂದು ಬದಿ ಸ್ವರ ಇದ್ದರೆ ಇನ್ನೊಂದು ಬದಿ ಸಮಸಂಖ್ಯೆ" ಅನ್ನುವುದು ನಿಜವಾ ಅಂತ ನೋಡಲು ಯಾವ ಕಾರ್ಡ್ ತಿರುಗಿಸಬೇಕು? ಎ ಮತ್ತು 7. 7ರ ಹಿಂದೆ ಸ್ವರ ಇದ್ದರೆ ಮಾತು ಸುಳ್ಳಾಗುತ್ತದೆ; 4ರ ಹಿಂದೆ ಏನಿದ್ದರೂ ಸುಳ್ಳಾಗುವುದಿಲ್ಲ. ಹೆಚ್ಚಿನವರು 7 ಬಿಟ್ಟು 4 ಹಿಡಿಯುತ್ತಾರೆ. 1982ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಇದೇ ಒಗಟನ್ನು ಬಿಯರ್ ಕುಡಿಯುವವರ ವಯಸ್ಸಿನ ನಿಯಮವಾಗಿ ಬದಲಿಸಿ ಕೇಳಿದಾಗ ಬಹುತೇಕ ವಿದ್ಯಾರ್ಥಿಗಳು ಸರಿಯಾಗಿ ಹೇಳಿದರು. ನಿಯಮ ಮುರಿದವರನ್ನು ಹಿಡಿಯುವುದು ನಮಗೆ ಚೆನ್ನಾಗಿ ಬರುತ್ತದೆ, ಅಲ್ವಾ?

ತೋಟದಲ್ಲಿ ಮೋಟಾರ್ ನಿಂತರೆ ಮೊದಲು ಕರೆಂಟ್ ಇದೆಯಾ ಅಂತ ನೋಡುವುದೇ ಜಾಣತನ, ಅದು ಒಳ್ಳೆಯ ಊಹೆ. ಆಯ್ಕೆಯಲ್ಲಿ "ಕರೆಂಟ್ ಹೋಗಿರಬಹುದು" ಅಂತಿದ್ದರೆ ಧೈರ್ಯವಾಗಿ ಗುರುತು ಹಾಕಿ. "ಹೋಗಿದೆ" ಅಂತಿದ್ದರೆ ಬೇಡ.