ಮೇಲಿನ ಬಿಪಿ 170, ಕೆಳಗಿನದು 68: ಯಾಕೆ ಹೀಗೆ?

ಪ್ರಶ್ನೆ: ತಂದೆಗೆ 74 ವರ್ಷ. ಬಿಪಿ ಸದಾ 170/68ರ ಆಸುಪಾಸು. ಕೆಳಗಿನದು ಸರಿಯಿದೆಯಲ್ಲ, ಮಾತ್ರೆ ಯಾಕೆ ಅನ್ನುತ್ತಾರೆ. ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಇಎಫ್, ಅಂದರೆ ಹೃದಯ ಒಂದು ಬಡಿತಕ್ಕೆ ಹೊರಹಾಕುವ ರಕ್ತದ ಪಾಲು, ಶೇ 60 ಇದೆ, ಆದರೂ ಮೆಟ್ಟಿಲು ಹತ್ತಿದರೆ ಏದುಸಿರು.
– ಓದುಗರು, ದಾವಣಗೆರೆ

ಉತ್ತರ: ಕೆಳಗಿನ ಅಂಕಿ ಕಂಡು ನಿಮ್ಮ ತಂದೆ ನಿಶ್ಚಿಂತರಾಗುವಂತಿಲ್ಲ. ಎರಡರ ಅಂತರ 102. ಈ ವಯಸ್ಸಿನಲ್ಲಿ ಅದು 60 ದಾಟಿದರೆ ದೊಡ್ಡ ರಕ್ತನಾಳಗಳು ಪೆಡಸಾಗಿರುವ ಗುಮಾನಿ. (ಹೃದಯದಿಂದ ಹೊರಡುವ ದೊಡ್ಡ ನಾಳವಾದ ಮಹಾಪಧಮನಿಯ ಕವಾಟ ಸೋರಿದರೂ, ರಕ್ತಹೀನತೆ ಇದ್ದರೂ ಅಂತರ ಹಿಗ್ಗುತ್ತದೆ. ಕವಾಟದ ಸಂಗತಿ ಎಕೋ ವರದಿಯಲ್ಲೇ ಇರುತ್ತದೆ, ನೋಡಿ.)

ಹೃದಯ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತವನ್ನು ಮಹಾಪಧಮನಿಗೆ ನೂಕುತ್ತದೆ. ಎಳೆಯರಲ್ಲಿ ಆ ನಾಳ ಹಿಗ್ಗಿ ಒಂದು ಪಾಲನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೃದಯ ಸಡಿಲಗೊಂಡಾಗ ಕುಗ್ಗಿ ಅದನ್ನು ಮುಂದಕ್ಕೆ ದೂಡುತ್ತದೆ. ಹಿಗ್ಗುವ ಗುಣ ಎಲಾಸ್ಟಿನ್ ಎಳೆಗಳದ್ದು. ಬಹುಪಾಲು ಎಲಾಸ್ಟಿನ್ ಗರ್ಭದಲ್ಲಿ ಮತ್ತು ಎಳವೆಯಲ್ಲೇ ತಯಾರಾಗಿ ಮುಗಿಯುತ್ತದೆ. ದಿನಕ್ಕೆ ಲಕ್ಷ ಬಡಿತ ತಿಂದು ಎಳೆಗಳು ಜೀರ್ಣವಾದಂತೆ ಭಾರವೆಲ್ಲ ಗಡಸು ಕೊಲಾಜೆನ್ ಮೇಲೆ ಬೀಳುತ್ತದೆ, ಗೋಡೆಯಲ್ಲಿ ಸುಣ್ಣವೂ ಕೂರುತ್ತದೆ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇದ್ದವರಲ್ಲಿ ಇನ್ನೂ ಬೇಗ. ಆಗ ನಾಳ ಹಿಗ್ಗದೆ ಮೇಲಿನ ಬಿಪಿ ಜಿಗಿಯುತ್ತದೆ. ಹಿಡಿದಿಟ್ಟ ರಕ್ತ ಕಡಿಮೆಯಾದ್ದರಿಂದ ಕೆಳಗಿನದು ಇಳಿಯುತ್ತದೆ. ಎರಡಕ್ಕೂ ಒಂದೇ ಕಾರಣ.

ಈ ಪೆಡಸು ನಾಳದ ಎದುರು ದುಡಿದು ಎಡ ಹೃತ್ಕುಕ್ಷಿಯ (ಮಹಾಪಧಮನಿಗೆ ರಕ್ತ ನೂಕುವ ಹೃದಯದ ಕೋಣೆ) ಗೋಡೆ ದಪ್ಪವಾಗುತ್ತದೆ. ಹಿಂಡುವ ಶಕ್ತಿ ಇರುತ್ತದೆ, ಸಡಿಲಗೊಳ್ಳುವುದು ಮಾತ್ರ ನಿಧಾನ. ಇಎಫ್ ಹೇಳುವುದು ಎಷ್ಟು ಪಾಲು ಹೊರಹೋಯಿತು ಎಂದಷ್ಟೇ. ಹೃದಯ ತುಂಬಲು ಎಷ್ಟು ಒತ್ತಡ ಬೇಕಾಯಿತು ಎಂದಲ್ಲ. ಆ ಒತ್ತಡ ಶ್ವಾಸಕೋಶಕ್ಕೆ ಹಿಮ್ಮರಳಿದರೆ ಏದುಸಿರು. ಎಕೋ ವರದಿಯಲ್ಲಿ ಈ ಒತ್ತಡದ ಅಂದಾಜು ಕೊಡುವ ‘ಇ/ಇ ಪ್ರೈಮ್’ ಎಂಬ ಅಂಕಿಯ ಸರಾಸರಿ 14ಕ್ಕಿಂತ ಹೆಚ್ಚಿದ್ದರೆ ಈ ಅನುಮಾನ ಬಲವಾಗುತ್ತದೆ. ಹೃದ್ರೋಗ ತಜ್ಞರಿಗೆ ತೋರಿಸಿ, ತಡ ಬೇಡ.

ಮಾತ್ರೆ ಬೇಕೇ ಬೇಕು, ಆದರೆ ಅವಸರದಲ್ಲಿ ಪ್ರಮಾಣ ಏರಿಸಬಾರದು. ಹೃದಯದ ಸ್ನಾಯುವಿಗೆ ರಕ್ತ ಹೆಚ್ಚಾಗಿ ಹರಿಯುವುದು ಅದು ಸಡಿಲಗೊಂಡಾಗ. ಕೆಳಗಿನ ಬಿಪಿ ತೀರಾ ಇಳಿದರೆ ಅಲ್ಲಿಗೇ ಕೊರತೆ. ಐದು ನಿಮಿಷ ಕೂತು, ಬೆನ್ನಿಗೆ ಆಸರೆ ಕೊಟ್ಟು, ತೋಳನ್ನು ಎದೆಮಟ್ಟದಲ್ಲಿಟ್ಟು ಅಳೆಯಿರಿ. ಎದ್ದು ನಿಂತ ಮೇಲೆ 1ನೇ ಮತ್ತು 3ನೇ ನಿಮಿಷಕ್ಕೆ ಮತ್ತೆ ನೋಡಿ. ಮೇಲಿನದು 20 ಅಂಕಿ ಕುಸಿದರೆ ವೈದ್ಯರಿಗೆ ತಿಳಿಸಿ. ತೋಳು ದಪ್ಪವಿದ್ದು ಯಂತ್ರದ ಪಟ್ಟಿ ಸಣ್ಣದಾದರೆ ಸುಳ್ಳೇ ಹೆಚ್ಚು ತೋರಿಸುತ್ತದೆ. ಉಪ್ಪು ದಿನಕ್ಕೆ 5 ಗ್ರಾಂ ಒಳಗಿರಲಿ, ಉಪ್ಪಿನಕಾಯಿ-ಹಪ್ಪಳದ್ದೂ ಸೇರಿ.

ಅಪರೂಪಕ್ಕೆ ತೋಳಿನ ನಾಳವೇ ಗಟ್ಟಿಯಾಗಿ ಪಟ್ಟಿಗೆ ಅಮುಕಲು ಆಗುವುದಿಲ್ಲ, ಆಗಲೂ ಬಿಪಿ ಸುಳ್ಳೇ ಹೆಚ್ಚು ಕಾಣುತ್ತದೆ. ಮಾತ್ರೆ ತೆಗೆದುಕೊಂಡು ತಲೆ ಸುತ್ತುತ್ತಿದ್ದರೂ ಯಂತ್ರ 170 ಎಂದೇ ತೋರಿಸುತ್ತಿದ್ದರೆ ಈ ಸಾಧ್ಯತೆಯನ್ನೂ ವೈದ್ಯರ ಮುಂದಿಡಿ.