117 ಕೂಪೆಗೆ ತಕ್ಕ ಮನೆ ಯಾವುದು?

ಓದುಗರೊಬ್ಬರ ಪತ್ರ:

"ನನ್ನಲ್ಲಿ ಜಪಾನಿನ ಇಸುಜು ಕಂಪನಿಯ 1971ರ 117 ಕೂಪೆ ಕಾರು ಇದೆ. ಕೈಯಿಂದ ತಯಾರಾಗುತ್ತಿದ್ದ ಮೊದಲ ಸರಣಿಯದು, ಜೋಡಿ ಕಾರ್ಬ್ಯುರೇಟರ್ ಇರುವಂಥದ್ದು. ಮೂವತ್ತೊಂದು ವರ್ಷ ಇಟ್ಟುಕೊಂಡೆ. ಈಗ ಮೊಣಕಾಲು ಕ್ಲಚ್ ಒತ್ತಲು ಬಿಡುತ್ತಿಲ್ಲ. ಎರಡು ವರ್ಷದಿಂದ ಬ್ಯಾಟರಿ ತೆಗೆದು, ಹೊದಿಕೆ ಹಾಕಿ ನಿಲ್ಲಿಸಿದ್ದೇನೆ. ಮಕ್ಕಳಿಗೆ ಆಸಕ್ತಿಯಿಲ್ಲ. ಮೂವರು ಕೇಳಿದ್ದಾರೆ: ಒಂದು ವಸ್ತುಸಂಗ್ರಹಾಲಯ, ನಲವತ್ತು ಕಾರು ಇಟ್ಟಿರುವ ಒಬ್ಬ ಸಂಗ್ರಾಹಕರು, ಹಳೆಯ ಇಸುಜು ಬೆಲ್ಲೆಟ್ ಕಾರು ಇಟ್ಟುಕೊಂಡಿರುವ ಒಬ್ಬ ಯುವ ಮೆಕ್ಯಾನಿಕ್. ಮೆಕ್ಯಾನಿಕ್ ಕೊಡಬಲ್ಲ ಹಣ ಸಂಗ್ರಾಹಕರು ಹೇಳಿದ್ದರ ಅರ್ಧ. ಯಾರಿಗೆ ಕೊಡಲಿ? ಇಲ್ಲ, ಹರಾಜಿಗೆ ಹಾಕಿ ಮರೆತುಬಿಡಲೆ?"

ಸಂಪಾದಕರ ಉತ್ತರ:

ಮಾನ್ಯರೆ, ಮೆಕ್ಯಾನಿಕ್‌ಗೆ ಕೊಡಿ. ಉತ್ತರ ಇಷ್ಟೇ. ಆದರೆ ಕೊಡುವ ಮೊದಲು ನೀವು ಮಾಡಬೇಕಾದ ಕೆಲಸ ಬಹಳವಿದೆ. ಸಂಗ್ರಾಹಕರ ಹಣ ಬಿಟ್ಟು ಯಾಕೆ ಆ ಹುಡುಗನ ಕೈಗೆ ಕೊಡಬೇಕು ಎಂಬುದನ್ನೂ ನಿಮಗೆ ವಿವರಿಸಬೇಕು.

ನಿಮ್ಮ ಕಾರು ಹುಟ್ಟಿದ ಬಗೆಯಿಂದಲೇ ಶುರುಮಾಡುತ್ತೇನೆ. ಕಾರು ವಿನ್ಯಾಸಕ ಜಾರ್ಜೆಟ್ಟೊ ಜುಜಾರೊ ಇಟಲಿಯ ಗಿಯಾ ವಿನ್ಯಾಸ ಸಂಸ್ಥೆಯಲ್ಲಿದ್ದಾಗ ಬಿಡಿಸಿದ ವಿನ್ಯಾಸ ಅದು. 1966ರ ಜಿನೀವಾ ಪ್ರದರ್ಶನದಲ್ಲಿ ಕಾಣಿಸಿಕೊಂಡು 1968ರ ಕೊನೆಯಲ್ಲಿ ಮಾರಾಟಕ್ಕೆ ಬಂತು. ಚಾವಣಿ ಹೊರುವ ಆ ತೆಳುವಾದ ಕಂಬಗಳು, ಮೈಯುದ್ದದ ಬಾಗು, ಅಗಲವಾದ ಗಾಜು, ಇವನ್ನು ಪೂರ್ತಿ ಯಂತ್ರದಿಂದ ಒತ್ತಿ ತೆಗೆಯುವ ಅನುಕೂಲ ಆಗ ಇಸುಜುಗೆ ಇರಲಿಲ್ಲ. ಕೆಲಸಗಾರರು ತಗಡುಗಳನ್ನು ಕೈಯಿಂದ ತಿದ್ದಿ ತೀಡಿ ಕೂರಿಸಿದರು. ತಿಂಗಳಿಗೆ ಐವತ್ತರ ಆಸುಪಾಸು ಕಾರು ಹೊರಬೀಳುತ್ತಿದ್ದವು. 1973ರಲ್ಲಿ ದೊಡ್ಡ ಪ್ರಮಾಣದ ತಯಾರಿಕೆ ಶುರುವಾಯಿತು. 1977ರಲ್ಲಿ ದುಂಡು ದೀಪ ಹೋಗಿ ಚೌಕ ದೀಪ ಬಂತು. 1981ರಲ್ಲಿ ಕಥೆ ಮುಗಿಯಿತು. ನಿಮ್ಮದು ಕೈಕೆಲಸದ ಕಾಲದ್ದು. ಒಂದು ಕಾರಿನ ಬಾಗಿಲು ಇನ್ನೊಂದಕ್ಕೆ ತಿದ್ದದೆ ಕೂರುತ್ತದೆ ಎಂಬ ಖಾತ್ರಿ ಆ ಕಾಲದ ಕಾರುಗಳಲ್ಲಿ ಇಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಇಸುಜು ತಾನೇ ರೂಪಿಸಿದ ಪ್ರಯಾಣಿಕ ಕಾರುಗಳನ್ನು 1993ರಲ್ಲಿ ನಿಲ್ಲಿಸಿತು. ಬೇರೆ ಜಪಾನಿ ಕಾರಿನವರ ಅದೃಷ್ಟ ನೋಡಿ. ಹೋಂಡಾ 1993ರಿಂದಲೇ ತನ್ನ ಎನ್‌ಎಸ್‌ಎಕ್ಸ್ ಕಾರುಗಳನ್ನು ವಾಪಸು ತರಿಸಿಕೊಂಡು ಹೊಸದು ಮಾಡಿ ಕೊಡುತ್ತ ಬಂತು. ನಿಸ್ಸಾನ್ 2017ರಲ್ಲಿ ಆರ್32 ಸ್ಕೈಲೈನ್ ಜಿಟಿ-ಆರ್‌ನ ಬಿಡಿಭಾಗಗಳನ್ನು ಮತ್ತೆ ಮಾಡಲು ಶುರುಮಾಡಿತು. ಅದೇ ವರ್ಷ ಮಜ್ದಾ ತನ್ನ ಮೊದಲ ರೋಡ್‌ಸ್ಟರ್‌ಗಳ ಜೀರ್ಣೋದ್ಧಾರಕ್ಕೆ ಅರ್ಜಿ ಕರೆಯಿತು. ಟೊಯೋಟಾ 2020ರಲ್ಲಿ ಹಳೆಯ ಸುಪ್ರಾ ಮತ್ತು 2000ಜಿಟಿಗೆ ಭಾಗಗಳನ್ನು ಒದಗಿಸತೊಡಗಿತು. ಆ ಕಾರುಗಳ ಮಾಲೀಕರಿಗೆ ಹಣವಿದ್ದರೆ ಸಾಕು, ಭಾಗ ಮನೆಗೆ ಬರುತ್ತದೆ. ನಿಮ್ಮ 117ರ ಬೆನ್ನಿಗೆ ಅಂಥ ಕಾರ್ಖಾನೆ ಇಲ್ಲ. ಕೊಳ್ಳುವುದಕ್ಕೆ ಭಾಗವೇ ಇಲ್ಲದ ಕಡೆ ಕೊಳ್ಳುವ ಶಕ್ತಿಯಿಂದ ಏನು ಪ್ರಯೋಜನ? ಆ ಕಾರಿಗೆ ಬೇಕಾದವನು ಮಾಡಬಲ್ಲವನು: ಲೇಥಿನಲ್ಲಿ ಬುಷ್ ಕಡೆಯಬಲ್ಲವನು, ಬ್ರೇಕಿನ ಹಳೆಯ ಮಾಸ್ಟರ್ ಸಿಲಿಂಡರಿಗೆ ಒಳಗೆ ಹೊಸ ಕೊಳವೆ (ಸ್ಲೀವ್) ಹಾಕಿಸಬಲ್ಲವನು, ತುಕ್ಕು ತಿಂದ ಕಡೆ ತಗಡು ಬಡಿದು ಬೆಸೆಯಬಲ್ಲವನು.

ಆ ಹುಡುಗನ ಬೆಲ್ಲೆಟ್ ಯಾವುದು ಎಂದು ನೀವು ಬರೆದಿಲ್ಲ, ಕೇಳಿ. 1969ರಲ್ಲಿ ಬಂದ ವೇಗದ ಮಾದರಿ ಬೆಲ್ಲೆಟ್ ಜಿಟಿ-ಆರ್ ಆಗಿದ್ದರೆ ಅದರಲ್ಲಿರುವುದು ನಿಮ್ಮ ಕಾರಿನದೇ ಎಂಜಿನ್: 1.6 ಲೀಟರ್, ಎಂಜಿನ್ ತಲೆಯ (ಹೆಡ್) ಮೇಲೆ ವಾಲ್ವ್ ತೆರೆಯುವ ಎರಡು ಕ್ಯಾಮ್ ದಂಡ, 120 ಅಶ್ವಶಕ್ತಿ. ಆಗ ನಿಮ್ಮ ಎಂಜಿನ್ ಅವನಿಗೆ ಅಂಗೈ ಗೆರೆಯಷ್ಟು ಪರಿಚಿತ. ಸಾಮಾನ್ಯ ಬೆಲ್ಲೆಟ್ ಆಗಿದ್ದರೂ ಭಾಗ ಸಿಗದ ಇಸುಜು ಇಟ್ಟುಕೊಂಡು ಬದುಕುವ ಕಷ್ಟ ಅವನಿಗೆ ಗೊತ್ತು.

ವಸ್ತುಸಂಗ್ರಹಾಲಯಗಳ ಮೇಲೆ ನನಗೆ ಗೌರವವಿದೆ. ಜಪಾನಿನ ನಾಗಾಕುತೆಯಲ್ಲಿ 1989ರಲ್ಲಿ ತೆರೆದ ಟೊಯೋಟಾ ಆಟೋಮೊಬೈಲ್ ಮ್ಯೂಸಿಯಂ ತನ್ನ ಕಾರುಗಳನ್ನು ಓಡುವ ಸ್ಥಿತಿಯಲ್ಲೇ ಇಡುತ್ತದೆ. ಅಂಥ ಕಡೆಯಾದರೆ ಮಾತು ಬೇರೆ. ನಿಮ್ಮನ್ನು ಕೇಳಿದವರನ್ನು ನೀವು ಮೂರು ಪ್ರಶ್ನೆ ಕೇಳಿ. ವರ್ಷಕ್ಕೆ ಎಷ್ಟು ಸಲ ಓಡಿಸುತ್ತೀರಿ? ಓಡಿಸುವ ಸಿಬ್ಬಂದಿ ಯಾರು? ಜಾಗ ಸಾಲದಾದಾಗ ಮಾರುವ ಹಕ್ಕು ದಾನಪತ್ರದಲ್ಲಿ ಇದೆಯೆ? ಸಂಗ್ರಾಹಕರನ್ನೂ ಕೇಳಿ. ನಲವತ್ತು ಕಾರು ಇರುವ ಕಡೆ, ವಾರಕ್ಕೊಂದರಂತೆ ಓಡಿಸಿದರೂ ನಿಮ್ಮದರ ಸರದಿ ವರ್ಷಕ್ಕೆ ಒಂದೇ ಸಲ ಬಂದೀತು. ತಂಪು ಗಾಳಿ, ಒಣ ಹವೆ ಎಲ್ಲ ಒಳ್ಳೆಯದೇ. ಮೈಗೆ ತುಕ್ಕು ಹಿಡಿಯದು.

ಆದರೆ ನಿಂತ ಕಾರು ಒಳಗಿನಿಂದ ಕೆಡುತ್ತದೆ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಆ ನೀರು ಚಕ್ರದ ಸಿಲಿಂಡರಿನಲ್ಲಿ ಗುಳಿ ಕೊರೆಯುತ್ತದೆ, ಪಿಸ್ಟನ್ ಹಿಡಿದುಕೊಳ್ಳುತ್ತದೆ. ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಆ ಎಣ್ಣೆ ಬದಲಾಯಿಸಲೇಬೇಕು. ಪೆಟ್ರೋಲ್ ಆರಿ ಅಂಟಾಗಿ ಕಾರ್ಬ್ಯುರೇಟರಿನ ಸಣ್ಣ ಜೆಟ್‌ಗಳನ್ನು ಮುಚ್ಚುತ್ತದೆ. ಅದರಲ್ಲಿ ಎಥನಾಲ್ ಬೆರೆತಿದ್ದರೆ ಆ ಕಾಲದ ರಬ್ಬರ್ ಪೈಪುಗಳು ಮೆತ್ತಗಾಗಿ ಬಿರಿಯುತ್ತವೆ, ಟ್ಯಾಂಕಿನ ತಳದಲ್ಲಿ ನೀರು ಕೂತು ತುಕ್ಕು ಏಳುತ್ತದೆ. ತಿಂಗಳಿಗೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಆರಿಸುವವರಿದ್ದಾರೆ. ಅದು ಇನ್ನೂ ಕೆಟ್ಟದ್ದು. ಎಂಜಿನ್ ಪೂರ್ತಿ ಬಿಸಿಯಾಗದೆ ಆವಿ ನೀರಾಗಿ ಸೈಲೆನ್ಸರ್‌ನಲ್ಲೂ ಎಣ್ಣೆಯಲ್ಲೂ ಉಳಿಯುತ್ತದೆ. ಓಡಿಸಿದರೆ ಅರ್ಧ ಗಂಟೆಯಾದರೂ ರಸ್ತೆಯಲ್ಲಿ ಓಡಿಸಬೇಕು, ಗೇರ್‌ಬಾಕ್ಸಿಗೂ ಬೇರಿಂಗಿಗೂ ಎಣ್ಣೆ ಹರಿಯಬೇಕು.

ಈಗ ನಿಮ್ಮನ್ನು ಸ್ವಲ್ಪ ಗದರಬೇಕಾಗಿದೆ. ಇಷ್ಟು ಪ್ರೀತಿಯಿಂದ ಬರೆದ ನೀವೇ ಎರಡು ವರ್ಷ ಅದನ್ನು ಹೊದಿಕೆಯ ಕೆಳಗೆ ನಿಲ್ಲಿಸಿದ್ದೀರಿ. ಮೊಣಕಾಲು ನಿಮ್ಮದು ನೋಯುತ್ತಿತ್ತು, ಓಡಿಸಬಲ್ಲವರನ್ನು ಕರೆಯಬಹುದಿತ್ತು. ಹೋಗಲಿ. ಯಾರಾದರೂ ನೋಡಲು ಬಂದಾಗ ಉತ್ಸಾಹದಲ್ಲಿ ಬ್ಯಾಟರಿ ಕೂರಿಸಿ ಚಾವಿ ತಿರುಗಿಸಬೇಡಿ. ಮೊದಲು ಟ್ಯಾಂಕಿನ ಹಳೆಯ ಪೆಟ್ರೋಲ್ ಪೂರ್ತಿ ಇಳಿಸಿ. ಇಂಧನದ ರಬ್ಬರ್ ಪೈಪುಗಳನ್ನೆಲ್ಲ ಎಥನಾಲ್ ತಾಳುವಂಥವಕ್ಕೆ ಬದಲಿಸಿ. ನಾಲ್ಕೂ ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೆ ಐದು ಮಿಲಿಲೀಟರ್ ಎಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಹಾಗೇ ಇರಲಿ. ಮಾರನೆಯ ದಿನ ಎಂಜಿನ್ನಿನ ಮುಖ್ಯ ದಂಡದ (ಕ್ರ್ಯಾಂಕ್) ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲಾದರೂ ಅಡ್ಡ ಸಿಕ್ಕರೆ ಬಲವಂತ ಬೇಡ, ಅಲ್ಲಿಗೇ ನಿಲ್ಲಿಸಿ. ಸರಾಗ ತಿರುಗಿದರೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಪ್ಲಗ್ ಇಲ್ಲದೆಯೇ ಆಯಿಲ್ ಒತ್ತಡದ ಮುಳ್ಳು ಏಳುವವರೆಗೆ ಸ್ವಲ್ಪ ಸ್ವಲ್ಪವಾಗಿ ಸೆಲ್ಫ್ ಹೊಡೆಯಿರಿ. ಆಮೇಲೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ. ಬ್ರೇಕ್ ಪರೀಕ್ಷಿಸದೆ ಗೇಟು ದಾಟಬೇಡಿ.

ಎಂಜಿನ್ ಬಿಸಿಯಾದ ಮೇಲೆ ಕಂಪ್ರೆಶನ್, ಅಂದರೆ ಪ್ರತಿ ಸಿಲಿಂಡರಿನೊಳಗೆ ಏಳುವ ಒತ್ತಡ, ಅಳೆಸಿ. ಪ್ಲಗ್ ಎಲ್ಲ ಬಿಚ್ಚಿರಬೇಕು, ಇಗ್ನಿಷನ್ ಕಾಯಿಲ್‌ನ ತಂತಿ ಕಳಚಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದಿರಬೇಕು. ಅರ್ಧ ಒತ್ತಿದರೆ ಗಾಳಿ ಸಾಲದೆ ಅಂಕಿ ಸುಳ್ಳು ಹೇಳುತ್ತದೆ. ಅತಿ ಹೆಚ್ಚು ಮತ್ತು ಅತಿ ಕಡಿಮೆಯ ನಡುವೆ ಶೇಕಡಾ 10ರಿಂದ 15ರಷ್ಟು ಅಂತರವಿದ್ದರೆ ಚಿಂತೆಯಿಲ್ಲ. ಒಂದು ಸಿಲಿಂಡರ್ ಬಹಳ ಕೆಳಗಿದ್ದರೆ ಅದಕ್ಕೆ ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ಹೆಚ್ಚಾಗಿ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಮೈಯ ಬಣ್ಣವನ್ನೂ ದಪ್ಪ ಅಳೆಯುವ ಸಾಧನದಿಂದ ನೋಡಿಸಿ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ ನೂರು, ನೂರೈವತ್ತು ಮೈಕ್ರಾನ್. ಸಾವಿರ, ಅಂದರೆ ಒಂದು ಮಿಲಿಮೀಟರ್, ದಾಟಿದ ಕಡೆ ಒಳಗೆ ಪುಟ್ಟಿ ತುಂಬಿದೆ ಎಂದೇ ಅರ್ಥ. ಬ್ಯಾಟರಿ ತಟ್ಟೆಯ ಕೆಳಗೆ, ಬಾಗಿಲ ಕೆಳಗಿನ ಹೊಸ್ತಿಲಲ್ಲಿ, ಹಿಂಚಕ್ರದ ಕಮಾನಿನಲ್ಲಿ, ಡಿಕ್ಕಿಯ ಸ್ಟೆಪ್ನಿ ಗುಂಡಿಯಲ್ಲಿ, ಮುಂಗಾಜಿನ ಬೀಡಿಂಗ್ ಅಡಿಯಲ್ಲಿ ತುಕ್ಕು ಹುಡುಕಿ. ಕಂಡದ್ದನ್ನೆಲ್ಲ ಫೋಟೋ ತೆಗೆದು ಬರೆದಿಡಿ. ಮುಚ್ಚಿಡುವುದರಿಂದ ನಿಮಗೆ ನಾಲ್ಕು ಕಾಸು ಹೆಚ್ಚು ಸಿಕ್ಕೀತು, ಕಾರಿಗೆ ಮಾತ್ರ ಕೇಡು.

ಹರಾಜಿನ ಮಾತು ಎತ್ತಿದಿರಿ. 1967ರಿಂದ 1970ರವರೆಗೆ ಟೊಯೋಟಾ ಯಮಾಹಾ ಜೊತೆ ಸೇರಿ 351 ಮಾತ್ರ ಮಾಡಿದ 2000ಜಿಟಿಯ ಒಂದು ಕಾರು 2013ರಲ್ಲಿ ಹತ್ತು ಲಕ್ಷ ಡಾಲರ್ ದಾಟಿತು. 1968ರಲ್ಲಿ ಕ್ಯಾರೊಲ್ ಶೆಲ್ಬಿಯವರ ತಂಡ ಅಮೆರಿಕದಲ್ಲಿ ರೇಸ್ ಓಡಿಸಿದ್ದ ಇನ್ನೊಂದು 2022ರಲ್ಲಿ ಇಪ್ಪತ್ತೈದು ಲಕ್ಷ ದಾಟಿತು. ಆ ಸುತ್ತಿಗೆಯ ಸದ್ದು ಕೇಳಿದ ಮೇಲೆ ಪ್ರತಿ ಹಳೆಯ ಜಪಾನಿ ಕಾರನ್ನೂ ಬ್ಯಾಂಕ್ ಠೇವಣಿಯ ಕಣ್ಣಿನಿಂದ ನೋಡುವವರು ಹುಟ್ಟಿಕೊಂಡರು. 1973ರ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ತಯಾರಾದದ್ದೇ 197. ಅದಕ್ಕೇ ಸಾಮಾನ್ಯ ಸ್ಕೈಲೈನ್‌ಗೆ ಜಿಟಿ-ಆರ್ ವೇಷ ತೊಡಿಸುವವರೂ ಇದ್ದಾರೆ. ನಿಜವಾದದ್ದರ ಚಾಸಿಸ್ ನಂಬರ್ ಕೆಪಿಜಿಸಿ110 ಎಂದೇ ಶುರುವಾಗುತ್ತದೆ ಎಂಬುದನ್ನೂ ನೋಡದೆ ಕೊಂಡವರು ಕೈ ಹಿಸುಕಿಕೊಂಡಿದ್ದಾರೆ. ಮಜ್ದಾ ಕಾಸ್ಮೊ ಸ್ಪೋರ್ಟ್ ನೆನಪಿಸಿಕೊಳ್ಳಿ: 1968ರಲ್ಲಿ ಜರ್ಮನಿಯ ರೇಸ್ ಪಥ ನ್ಯೂರ್ಬರ್ಗ್‌ರಿಂಗ್‌ನ 84 ಗಂಟೆಗಳ ಸ್ಪರ್ಧೆಯಲ್ಲಿ ನಾಲ್ಕನೆಯದಾಗಿ ಗುರಿ ಮುಟ್ಟಿದ ಕಾರು. ಮೂರೂವರೆ ದಿನ ಓಡಲೆಂದು ಮಾಡಿದ ಯಂತ್ರವನ್ನು ಗಾಜಿನ ಕೋಣೆಯಲ್ಲಿ ಬೆಲೆ ಏರಲೆಂದು ಕಾಯಿಸುವುದು ನನಗೆ ಸಂಕಟ ತರುತ್ತದೆ.

ಸರ್ಕಾರಗಳೂ ಇದಕ್ಕೆ ಹೊಣೆ. ಜಪಾನಿನಲ್ಲೇ ಹದಿಮೂರು ವರ್ಷ ದಾಟಿದ ಪೆಟ್ರೋಲ್ ಕಾರಿಗೆ ವಾರ್ಷಿಕ ತೆರಿಗೆ ಶೇಕಡಾ 15ರಷ್ಟು ಏರುತ್ತದೆ. ತೂಕದ ತೆರಿಗೆ ಹದಿಮೂರರಲ್ಲಿ ಒಮ್ಮೆ, ಹದಿನೆಂಟರಲ್ಲಿ ಇನ್ನೊಮ್ಮೆ ಹೆಚ್ಚುತ್ತದೆ. ಜರ್ಮನಿ 1997ರಿಂದ ಮೂವತ್ತು ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ಕಾರಿಗೆ ಬೇರೆ ನಂಬರ್ ಪ್ಲೇಟು, ಬೇರೆ ತೆರಿಗೆ ಕೊಟ್ಟಿದೆ. ಬ್ರಿಟನ್ನಿನಲ್ಲಿ ನಲವತ್ತು ದಾಟಿದ ಕಾರಿಗೆ ರಸ್ತೆ ತೆರಿಗೆಯೇ ಇಲ್ಲ. ತಾನು ಮಾಡಿದ ಕಾರನ್ನು ತಾನೇ ಭಾರವೆಂದು ನೋಡುವ ಜಪಾನಿನಿಂದ ಒಳ್ಳೊಳ್ಳೆಯ ಕಾರುಗಳು ಹಡಗು ಹತ್ತಿ ಹೋದವು. ಅಮೆರಿಕದಲ್ಲಂತೂ ತಯಾರಾಗಿ ಇಪ್ಪತ್ತೈದು ವರ್ಷ ತುಂಬಿದ ಕಾರಿಗೆ ಅಲ್ಲಿನ ಸುರಕ್ಷತಾ ನಿಯಮಗಳ ಅಡ್ಡಿಯೂ ಇಲ್ಲ. ಹೋದ ಕಾರುಗಳು ಅಲ್ಲಿ ಓಡುತ್ತಿದ್ದರೆ ನನ್ನ ತಕರಾರಿಲ್ಲ. ಆದರೆ ಅವುಗಳ ಜೊತೆ ಅವನ್ನು ಬಿಚ್ಚಿ ಕಟ್ಟಬಲ್ಲವರು ಹೋಗಲಿಲ್ಲ. ಆ ವಿದ್ಯೆ ಕಲಿತವರಿಗೆ ವಯಸ್ಸಾಗುತ್ತಿದೆ. ಕಲಿಯಬೇಕಾದ ಹುಡುಗರಿಗೆ ಮುಟ್ಟಲು ಕಾರು ಸಿಗುತ್ತಿಲ್ಲ, ಏಕೆಂದರೆ ಬೆಲೆ ಅವರ ಕೈಗೆ ಎಟುಕುವುದಿಲ್ಲ. ನಿಮ್ಮ ಮೆಕ್ಯಾನಿಕ್ ಅರ್ಧ ಬೆಲೆ ಹೇಳಿದ್ದು ಅದಕ್ಕೇ.

ಹಾಗೆಂದು ಕಣ್ಣು ಮುಚ್ಚಿ ಕೊಡಿ ಎನ್ನುವುದಿಲ್ಲ. ಅವನ ಗ್ಯಾರೇಜಿಗೆ ಹೋಗಿ ನೋಡಿ. ಬಿಚ್ಚಿದ ಭಾಗಗಳು ಹೆಸರು ಬರೆದ ಡಬ್ಬಿಗಳಲ್ಲಿವೆಯೆ? ನಿಮ್ಮ ಕಾರಿಗೆ ಸೂರು ಇದೆಯೆ? ಬೇರೆ ಎಂಜಿನ್ ಕೂರಿಸುವ ಆಸೆ ಇದೆಯೆ ಎಂದು ನೇರ ಕೇಳಿ. ಇದ್ದರೆ ಎದ್ದು ಬನ್ನಿ. ಸೀಸವಿಲ್ಲದ ಪೆಟ್ರೋಲಿನಿಂದ ಸವೆಯಬಹುದಾದ ವಾಲ್ವ್ ಸೀಟಿಗೆ (ವಾಲ್ವ್ ಬಂದು ಕೂರುವ ಬಳೆ) ಏನು ಮಾಡುತ್ತೀಯ ಎಂದೂ ಕೇಳಿ. ಅಲ್ಯೂಮಿನಿಯಂ ಹೆಡ್‌ಗೆ ಸೀಟ್ ಬೇರೆಯಾಗಿ ಕೂರಿಸಿರುತ್ತಾರೆ, ಆದ್ದರಿಂದ ಹೆಡ್ ಬಿಚ್ಚಿದಾಗ ಸೀಟು ಹೂತಿದೆಯೆ ನೋಡಿ ತೀರ್ಮಾನಿಸುತ್ತೇನೆ ಎಂದರೆ ಆ ಹುಡುಗನಿಗೆ ಕೆಲಸ ಗೊತ್ತು. ಹಣ ಒಮ್ಮೆಗೇ ಸಾಲದಿದ್ದರೆ ಕಂತಿನಲ್ಲಿ ಪಡೆಯಿರಿ. ಮುಂದೆ ಮಾರುವುದಾದರೆ ಮೊದಲು ನಿಮಗೋ ನಿಮ್ಮ ಮಕ್ಕಳಿಗೋ ತಿಳಿಸಬೇಕು ಎಂದು ಬರೆಸಿಕೊಳ್ಳಿ.

ಕಾಗದಗಳಲ್ಲಿ ಒಂದು ಎಚ್ಚರಿಕೆ. ಜಪಾನಿನ ಪೇಟೆಗೆ ಮಾಡಿದ ಕಾರಿಗೆ ಹದಿನೇಳು ಅಕ್ಷರದ ನಂಬರ್ ಇರುವುದಿಲ್ಲ, ಮಾದರಿಯ ಸಂಕೇತ ಮತ್ತು ಕ್ರಮಸಂಖ್ಯೆ ಮಾತ್ರ ಇರುತ್ತದೆ. ಹೆಸರು ಬದಲಾವಣೆಯ ಅರ್ಜಿಯಲ್ಲಿ ನಂಬರಿಗೆಂದು ಇರುವ ಖಾಲಿ ಚೌಕಗಳನ್ನು ಸೊನ್ನೆಯಿಂದ ತುಂಬಿಸಲು ಯಾರಿಗೂ ಬಿಡಬೇಡಿ. ಚಾಸಿಸ್ ಮೇಲೆ ಕೊರೆದ ನಂಬರನ್ನು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು, ದಾಖಲೆಯ ನಂಬರಿನೊಡನೆ ತಾಳೆ ನೋಡಿ. ಜಪಾನಿನ ನೋಂದಣಿ ರದ್ದತಿ ಪತ್ರ ಉಳಿದಿದ್ದರೆ ಅದರ ಮೂಲಪ್ರತಿಯನ್ನು ಕಾರಿನ ಜೊತೆಯಲ್ಲೇ ಕಳಿಸಿ.

ಕೊಟ್ಟ ದಿನವೇ ಕೈ ತೊಳೆದುಕೊಳ್ಳಬೇಡಿ. ಮೂರು ದಿನ ಅವನ ಪಕ್ಕದಲ್ಲಿ ಕೂತು ಹೋಗಿ. ತಣ್ಣಗಿದ್ದಾಗ ಚೋಕ್ ಎಷ್ಟು ಎಳೆಯಬೇಕು, ಯಾವ ಗೇರ್ ತಣ್ಣಗಿದ್ದಾಗ ಗೊಣಗುತ್ತದೆ, ಯಾವ ಬಾಗಿಲನ್ನು ಎತ್ತಿ ಹಾಕಬೇಕು, ಇವೆಲ್ಲ ಯಾವ ಕೈಪಿಡಿಯಲ್ಲೂ ಇಲ್ಲ, ನಿಮ್ಮಲ್ಲಿ ಮಾತ್ರ ಇವೆ. ತೆಗೆದಿಟ್ಟ ಹಳೆಯ ಬೀಡಿಂಗ್, ಕ್ಲಿಪ್, ಬಿರುಕು ಬಿಟ್ಟ ದೀಪದ ಗಾಜು ಒಂದನ್ನೂ ಎಸೆಯಬೇಡಿ. ಹೊಸದು ಎರಕ ಹೊಯ್ಯಲು ಒಡೆದದ್ದೇ ಅಚ್ಚು. ಸಂಗ್ರಹಾಲಯದವರಿಗೆ ಇಲ್ಲವೆಂದು ಬರೆಯುವಾಗ ವೈರಿಂಗ್ ನಕ್ಷೆ, ಕೈಪಿಡಿ, ಮೂವತ್ತೊಂದು ವರ್ಷದ ರಿಪೇರಿ ಚೀಟಿಗಳ ಒಂದೊಂದು ಪ್ರತಿಯನ್ನು ಜೊತೆಗೆ ಕಳಿಸಿ. ಮೂಲ ಮಾತ್ರ ಕಾರಿನ ಡಿಕ್ಕಿಯಲ್ಲಿರಲಿ.