ಅಡ್ಡಹಾಯುವ ಲೇಸರ್ ಕಿರಣಗಳಲ್ಲಿ ಎಲೆಕ್ಟ್ರಾನ್: ಪೈಥಾನೋ, ಫೋರ್ಟ್ರಾನೋ?

ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಎರಡು ಲೇಸರ್ ಕಿರಣಗಳು ಅಡ್ಡಹಾಯುವಲ್ಲಿ ಎಲೆಕ್ಟ್ರಾನ್ ಹೇಗೆ ಚಲಿಸಿ ವಿಕಿರಣ ಸೂಸುತ್ತದೆ ಎಂಬ ಲೆಕ್ಕಕ್ಕೆ ಪೈಥಾನ್, ಫೋರ್ಟ್ರಾನ್‌ಗಳಲ್ಲಿ ಯಾವ ಪ್ರೋಗ್ರಾಮಿಂಗ್ ಭಾಷೆ ಒಳ್ಳೆಯದು ಎಂದು ಕೇಳಿದ್ದೀರಿ. ಭಾಷೆ ಯಾವುದಾದರೂ ನಡೆಯುತ್ತದೆ. ನಾನು ಕೆಟ್ಟದ್ದು ಭಾಷೆಯಿಂದಲ್ಲ.

ಕೊಣಾಜೆಯಲ್ಲಿ ಬಾಡಿಗೆ ಕೋಣೆ. ಆಟಿ ತಿಂಗಳ ಮಳೆಗೆ ಮತ್ತೆ ಮತ್ತೆ ಕರೆಂಟು ಹೋಗುತ್ತಿತ್ತು. ಬ್ಯಾಟರಿ ಮುಗಿಯುವುದರೊಳಗೆ ಲೆಕ್ಕ ಮುಗಿಯಲಿ ಎಂದು ಕಾಯುತ್ತಾ ಕೂರುತ್ತಿದ್ದೆ. ಒಂದು ರಾತ್ರಿ, ಗಾಮಾ (ಎಲೆಕ್ಟ್ರಾನ್‌ನ ಒಟ್ಟು ಶಕ್ತಿ ಅದು ನಿಂತಿರುವಾಗಿನ ಶಕ್ತಿಯ ಎಷ್ಟು ಪಟ್ಟು ಎಂಬ ಸಂಖ್ಯೆ) 20 ಇದ್ದ ಎಲೆಕ್ಟ್ರಾನ್ ಕಿರಣಗಳನ್ನು ದಾಟಿ ಹೊರಬಂದಾಗ 24 ಆಗಿತ್ತು. ನಿರ್ವಾತದಲ್ಲಿ, ಗಡಿಯೇ ಇಲ್ಲದ ಲೇಸರ್ ಕ್ಷೇತ್ರದಿಂದ ವೇಗದ ಎಲೆಕ್ಟ್ರಾನ್ ನಿವ್ವಳ ಶಕ್ತಿ ಪಡೆಯದು ಎನ್ನುವ ಲಾಸನ್–ವುಡ್‌ವರ್ಡ್ ಪ್ರಮೇಯವನ್ನು ಓದಿದ್ದೆ. ಆದರೂ ನನ್ನದು ಅದಕ್ಕೆ ಅಪವಾದ ಎಂದು ನಂಬಿದೆ.

ತಪ್ಪು ಒಂದೇ ಸಾಲಿನಲ್ಲಿತ್ತು. ಗಾಸಿಯನ್ ಕಿರಣದ (ನಡುವೆ ಪ್ರಖರ, ಅಂಚಿಗೆ ಹೋದಂತೆ ಕ್ಷೀಣಿಸುವ ಕಿರಣ) ಸೂತ್ರದಲ್ಲಿ ವಿದ್ಯುತ್ ಕ್ಷೇತ್ರದ ಅಡ್ಡ ಘಟಕವನ್ನು ಮಾತ್ರ ಬರೆದಿದ್ದೆ. ಕಿರಣವನ್ನು ಒಂದು ಬಿಂದುವಿಗೆ ಕೂಡಿಸಿದರೆ ಅದು ಸಾಗುವ ದಿಕ್ಕಿನಲ್ಲೂ ಕ್ಷೇತ್ರ ಇರಲೇಬೇಕು, ಇಲ್ಲದಿದ್ದರೆ ಡೈವರ್ಜೆನ್ಸ್ (ಒಂದು ಬಿಂದುವಿನಿಂದ ಕ್ಷೇತ್ರ ಎಷ್ಟು ಹೊರಹೊಮ್ಮುತ್ತದೆ ಎಂಬ ಅಳತೆ) ಸೊನ್ನೆಯಾಗುವುದಿಲ್ಲ, ವಿದ್ಯುದಂಶವಿಲ್ಲದ ಕಡೆ ಅದು ಸೊನ್ನೆಯೇ ಇರಬೇಕೆನ್ನುವ ಗಾಸ್ ನಿಯಮವೇ ಮುರಿಯುತ್ತದೆ. ತರಂಗಾಂತರ 0.8 ಮೈಕ್ರೋಮೀಟರ್, ಕಿರಣ ಕೂಡುವ ನಾಭಿಯಲ್ಲಿ ಅದರ ತ್ರಿಜ್ಯ 5 ಮೈಕ್ರೋಮೀಟರ್ ಆದರೆ ಆ ಘಟಕ ಹೆಚ್ಚೆಂದರೆ ನೂರಕ್ಕೆ ಎರಡು ಪಾಲು. ಎರಡೇ ಪಾಲು ತಾನೇ ಎಂದು ಬಿಟ್ಟೆ. ಆದರೆ ಎಲೆಕ್ಟ್ರಾನ್‌ಗೆ ಕ್ಷಣಕ್ಷಣಕ್ಕೂ ಸಿಗುವ ಶಕ್ತಿ ಒಂದೊಂದು ದಿಕ್ಕಿನ ಕ್ಷೇತ್ರ ಮತ್ತು ಅದೇ ದಿಕ್ಕಿನ ವೇಗಗಳ ಗುಣಲಬ್ಧಕ್ಕೆ ತಕ್ಕಷ್ಟು. ಇಂಥ ಎಲೆಕ್ಟ್ರಾನ್ ಮುಂದಕ್ಕೆ ಹೆಚ್ಚುಕಡಿಮೆ ಬೆಳಕಿನ ವೇಗದಲ್ಲೇ ಓಡುತ್ತದೆ, ಅಡ್ಡಕ್ಕೆ ಅಲುಗುವುದು ಅತ್ಯಲ್ಪ. ದೊಡ್ಡ ಕ್ಷೇತ್ರಕ್ಕೆ ಸಣ್ಣ ವೇಗ, ಸಣ್ಣ ಕ್ಷೇತ್ರಕ್ಕೆ ದೊಡ್ಡ ವೇಗ: ಎರಡೂ ಹೋಲಿಸಬಹುದಾದಷ್ಟು ತೂಗುತ್ತವೆ. ನಾನು ತಕ್ಕಡಿಯ ಒಂದು ತಟ್ಟೆಯನ್ನೇ ಕಿತ್ತು ಎಸೆದಿದ್ದೆ.

ವಿಕಿರಣದಲ್ಲಿ ಆ ತಪ್ಪು ಇನ್ನೂ ಬೆಳೆಯಿತು. ಹೊರಬಂದ ಎಲೆಕ್ಟ್ರಾನ್‌ಗೆ ಎದುರಿನಿಂದ ಒಂದು ದುರ್ಬಲ ಕಿರಣ ಬಿಟ್ಟು ಚದುರುವ ಬೆಳಕಿನ ಸ್ಪೆಕ್ಟ್ರಮ್ (ಯಾವ ಆವರ್ತನದಲ್ಲಿ ಎಷ್ಟು ಬೆಳಕು ಎಂಬ ಪಟ್ಟಿ) ತೆಗೆದಿದ್ದೆ. ಹಾಗೆ ಎದುರು ಬಂದು ಎಲೆಕ್ಟ್ರಾನ್‌ಗೆ ತಗುಲಿ ಹಿಂದಕ್ಕೆ ಚದುರಿದ ಬೆಳಕಿನ ಆವರ್ತನ ಗಾಮಾದ ವರ್ಗದ ಸುಮಾರು ನಾಲ್ಕು ಪಟ್ಟು ಏರುತ್ತದೆ. ಗಾಮಾ 20ರ ಬದಲು 24 ಆಗಿದ್ದರಿಂದ ಇಡೀ ಸ್ಪೆಕ್ಟ್ರಮ್ 1.4 ಪಟ್ಟು ಆಚೆ ಸರಿದಿತ್ತು. ಸೆಮಿನಾರಿನಲ್ಲಿ ಹಿರಿಯ ಪ್ರಾಧ್ಯಾಪಕರೊಬ್ಬರು ಒಂದೇ ಮಾತು ಕೇಳಿದರು: "ಡೈವರ್ಜೆನ್ಸ್ ನೋಡಿದ್ದೀಯಾ ಮಾರಾಯಾ?" ನೋಡಿರಲಿಲ್ಲ. ಹನ್ನೊಂದು ತಿಂಗಳ ಕೆಲಸ ಅಲ್ಲಿಗೆ ಮುಗಿಯಿತು, ಅದನ್ನೇ ನಂಬಿ ಕಾದಿದ್ದ ಪಿಎಚ್.ಡಿ. ಅವಕಾಶವೂ ಹೋಯಿತು.

ಆದ್ದರಿಂದ ಎರಡು ಕಿರಣಗಳನ್ನು ಈಗಲೇ ಮುಟ್ಟಬೇಡಿ. ಮೊದಲು ಒಂದು ಸಮತಲ ತರಂಗದ (ಎಲ್ಲೂ ಕೂಡದೆ ನೇರ ಸಾಗುವ ಅಲೆ) ಪಲ್ಸ್ ತೆಗೆದುಕೊಳ್ಳಿ; ನಿಂತಿದ್ದ ಎಲೆಕ್ಟ್ರಾನ್ ಪಲ್ಸ್ ದಾಟಿದ ಮೇಲೆ ಮತ್ತೆ ನಿಲ್ಲಬೇಕು, ನಿಲ್ಲದಿದ್ದರೆ ನಿಮ್ಮ ಪ್ರೋಗ್ರಾಂ ಸುಳ್ಳು. ಆಮೇಲೆ ನಾಭಿಗೆ ಕೂಡಿದ ಒಂದೇ ಕಿರಣ, ಬಿಂದು ಬಿಂದುವಿನಲ್ಲೂ ಡೈವರ್ಜೆನ್ಸ್ ಪರೀಕ್ಷೆ, ಕಾಂತಕ್ಷೇತ್ರಕ್ಕೂ ಅದೇ. ಲೆಕ್ಕ ಮುಂದೆ ಸಾಗುವ ಕಾಲದ ಹೆಜ್ಜೆಯನ್ನು ಅರ್ಧ ಮಾಡಿದರೂ ಉತ್ತರ ಬದಲಾಗಬಾರದು. ತೀವ್ರತೆ ಚದರ ಸೆಂಟಿಮೀಟರಿಗೆ 10ರ 18ನೇ ಘಾತದಷ್ಟು ವ್ಯಾಟ್ ದಾಟುವುದು ಸದ್ಯಕ್ಕೆ ಬೇಡ.

ಎರಡನೆಯ ಕಿರಣ ಬಂದ ಮೇಲೆ ಒಂದೇ ಎಲೆಕ್ಟ್ರಾನ್ ನೋಡಿ ಏನನ್ನೂ ಹೇಳಬೇಡಿ. ನಮ್ಮ ಬೆಂಗ್ರೆಯ ಅಳಿವೆಯಲ್ಲಿ ಎರಡು ಕಡೆಯಿಂದ ಅಲೆ ಬಂದಾಗ ಅಕ್ಕಪಕ್ಕದ ದೋಣಿಗಳೂ ಬೇರೆ ಬೇರೆ ಕಡೆಗೆ ಎಸೆಯಲ್ಪಡುತ್ತವೆ. ತೀವ್ರ ಕಿರಣಗಳಲ್ಲಿ ಎಲೆಕ್ಟ್ರಾನ್‌ಗಳದೂ ಹಾಗೆಯೇ. ಸಾವಿರ ಎಲೆಕ್ಟ್ರಾನ್‌ಗಳನ್ನಾದರೂ ಹಾಯಿಸಿ ನೋಡಿ. ಅಷ್ಟಕ್ಕೆ ಪೈಥಾನ್ ಸಾಕು. ಒಂಟಿ ಕಿರಣದ ಡೈವರ್ಜೆನ್ಸ್ ಗ್ರಾಫ್ ಬಂದ ಕೂಡಲೇ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.